ಇಟಲಿಯ ಕಪ್‌ಗೆ ರಿಯಾದ್ ಏಕೆ?

2024ರ ಜನವರಿ 22ರಂದು ಇಟಲಿಯ ಕಾಲ್ಯಾರಿಯಲ್ಲಿ ಜಿಜಿ ರೀವಾ ತೀರಿಕೊಂಡರು. ದೇಶದ ಪುರುಷರ ಫುಟ್‌ಬಾಲ್ ತಂಡಕ್ಕೆ 35 ಗೋಲು ಹೊಡೆದವರು ಅವರು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ಕ್ಲಬ್ ಗೆದ್ದಿರುವ ಲೀಗ್ ಪ್ರಶಸ್ತಿ ಒಂದೇ ಒಂದು, 1970ರದ್ದು. ಅದು ಬಂದದ್ದೂ ಅವರ ಗೋಲುಗಳಿಂದಲೇ. ಯುವೆಂಟಸ್‌ನಂಥ ಶ್ರೀಮಂತ ಕ್ಲಬ್ ಕರೆದರೂ ರೀವಾ ಆ ದ್ವೀಪ ಬಿಟ್ಟು ಕದಲಲಿಲ್ಲ. ಅವರು ಸತ್ತ ರಾತ್ರಿಯೇ ಇಟಲಿಯ ಸೂಪರ್ ಕಪ್ ಫೈನಲ್ ಇತ್ತು, ಇಂಟರ್ ಮತ್ತು ನಾಪೋಲಿ ನಡುವೆ. ವಿರಾಮ ಮುಗಿಸಿ ಬಂದ ಆಟಗಾರರು ರೀವಾ ನೆನಪಿಗೆ ಒಂದು ನಿಮಿಷ ಮೌನವಾಗಿ ನಿಂತರು. ಗ್ಯಾಲರಿಯಿಂದ ಶಿಳ್ಳೆಗಳು ಕೇಳಿಬಂದವು. ಪಂದ್ಯ ನಡೆಯುತ್ತಿದ್ದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ.

ಶಿಳ್ಳೆ ಹೊಡೆದವರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅವರಿಗೆ ರೀವಾ ಯಾರೆಂದು ಗೊತ್ತಿರಬೇಕಾದ ಅಗತ್ಯವೇನೂ ಇಲ್ಲ. ನಿಂತು ಮೌನ ಆಚರಿಸುವುದು ಎಲ್ಲ ದೇಶಗಳ ರೂಢಿಯೂ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಒಂದು ದೇಶದ ಹೆಸರು ಹೊತ್ತ ಕಪ್ಪನ್ನು, ಆ ದೇಶದ ನೆನಪುಗಳಲ್ಲಿ ಪಾಲಿಲ್ಲದವರ ಮುಂದೆ ಆಡಿಸುವ ಹಕ್ಕು ಅದರ ಸಂಘಟಕರಿಗೆ ಇದೆಯೇ? ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೂಪರ್ ಕಪ್ ಎಂದರೆ ಮೂಲತಃ ಒಂದೇ ಪಂದ್ಯ. ಆ ವರ್ಷ ಲೀಗ್ ಗೆದ್ದ ತಂಡ ಒಂದು ಕಡೆ, ನಾಕೌಟ್ ಕಪ್ ಗೆದ್ದ ತಂಡ ಇನ್ನೊಂದು ಕಡೆ. ಇದರ ಹಿರಿಯಣ್ಣ ಇಂಗ್ಲೆಂಡಿನ ಚಾರಿಟಿ ಶೀಲ್ಡ್. 1908ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಕ್ವೀನ್ಸ್ ಪಾರ್ಕ್ ರೇಂಜರ್ಸ್ ನಡುವೆ ಮೊದಲ ಪಂದ್ಯ ಸಮನಾಯಿತು. ಮತ್ತೆ ಆಡಿಸಿದಾಗ ಯುನೈಟೆಡ್ 4-0 ಗೋಲುಗಳಿಂದ ಗೆದ್ದಿತು. ಹೆಸರೇ ಹೇಳುವಂತೆ ಹಣ ದಾನಕ್ಕೆ ಹೋಗುತ್ತಿತ್ತು. ಎಷ್ಟು ಹಣ ಯಾವ ಸಂಸ್ಥೆಗೆ ಹೋಗುತ್ತದೆ ಎಂಬ ಲೆಕ್ಕ ಸ್ಪಷ್ಟವಿಲ್ಲವೆಂದು ಅಲ್ಲಿನ ದತ್ತಿ ಆಯೋಗ ಆಕ್ಷೇಪ ಎತ್ತಿದ ಮೇಲೆ, 2002ರಲ್ಲಿ ಅದು ಕಮ್ಯುನಿಟಿ ಶೀಲ್ಡ್ ಆಯಿತು. ಆ ಪಂದ್ಯ ಲಂಡನ್ ಬಿಟ್ಟು ವೇಲ್ಸ್‌ನ ಕಾರ್ಡಿಫ್‌ಗೆ ಹೋಗಿದೆ, ಲೆಸ್ಟರ್‌ಗೂ ಹೋಗಿದೆ. ಆದರೆ ಬ್ರಿಟನ್ ದಾಟಿಲ್ಲ.

ಇಟಲಿಯ ಕಥೆ ಹಾಗಲ್ಲ. ಅಲ್ಲಿನ ಮೊದಲ ಸೂಪರ್ ಕಪ್ 1988ರ ಸಾಲಿನದು. ಮಿಲಾನ್ ತಂಡ ಸಾಂಪ್ಡೋರಿಯಾವನ್ನು 3-1ರಿಂದ ಸೋಲಿಸಿತು. ಇನ್ನೂ ಐದಾರು ವರ್ಷ ಕಳೆಯುವ ಮುನ್ನವೇ, 1993ರಲ್ಲಿ ಪಂದ್ಯ ಅಮೆರಿಕದ ವಾಷಿಂಗ್ಟನ್‌ಗೆ ಹೋಯಿತು. ಮರುವರ್ಷ ಅಮೆರಿಕದಲ್ಲಿ ವಿಶ್ವಕಪ್ ಇದ್ದುದರಿಂದ ಆಟದ ಪ್ರಚಾರ ಎಂಬ ಸಮರ್ಥನೆಯಾದರೂ ಇತ್ತು. 2002ರಲ್ಲಿ ಗಡಾಫಿ ಆಳುತ್ತಿದ್ದ ಲಿಬಿಯಾದ ಟ್ರಿಪೋಲಿಯಲ್ಲಿ ಯುವೆಂಟಸ್ ಮತ್ತು ಪಾರ್ಮಾ ಆಡಿದವು. ಆ ಹೊತ್ತಿಗೆ ಲಿಬಿಯಾದ ಸರ್ಕಾರಿ ಹೂಡಿಕೆ ಸಂಸ್ಥೆ ಯುವೆಂಟಸ್‌ನಲ್ಲಿ ಷೇರು ಕೊಂಡಿತ್ತು. ಅಲ್ಲಿಂದ ಮುಂದೆ ನ್ಯೂಜೆರ್ಸಿ, ಬೀಜಿಂಗ್, ದೋಹಾ, ಶಾಂಘೈ. ಹಣ ಎಲ್ಲಿತ್ತೋ ಕಪ್ ಅಲ್ಲಿಗೆ ಹೋಯಿತು.

2019ರ ಜನವರಿಯಲ್ಲಿ ಜೆಡ್ಡಾದ ಸರದಿ. ಟಿಕೆಟ್ ಮಾರಾಟದ ಪ್ರಕಟಣೆಯಲ್ಲಿ ಒಂದು ಭಾಗದ ಸೀಟುಗಳು ಗಂಡಸರಿಗೆ ಮಾತ್ರ, ಹೆಂಗಸರು ಕುಟುಂಬದವರಿಗೆ ಮೀಸಲಾದ ಭಾಗದಲ್ಲಿ ಕೂರಬೇಕು ಎಂದಿತ್ತು. ಇಟಲಿಯಲ್ಲಿ ಎಡ ಬಲ ಎನ್ನದೆ ಎಲ್ಲ ಪಕ್ಷದವರೂ ಸಿಟ್ಟಾದರು. ಲೀಗ್‌ನ ಸಮರ್ಥನೆಯಲ್ಲೂ ಸ್ವಲ್ಪ ಸತ್ಯವಿತ್ತು: ಸೌದಿ ಮಹಿಳೆಯರಿಗೆ ಫುಟ್‌ಬಾಲ್ ಕ್ರೀಡಾಂಗಣದ ಬಾಗಿಲು ತೆರೆದು ಆಗ ಕೇವಲ ಒಂದು ವರ್ಷವಾಗಿತ್ತು, ಅದೂ ಇದೇ ಜೆಡ್ಡಾದಲ್ಲಿ. ಆ ಬದಲಾವಣೆ ಸಂತೋಷದ್ದೇ. ಆದರೆ ಮಿಲಾನ್‌ನಲ್ಲಿ ತನಗಿಷ್ಟವಾದ ಕಡೆ ಕೂತು ಪಂದ್ಯ ನೋಡುವ ಹೆಣ್ಣುಮಗಳಿಗೆ, ತನ್ನ ದೇಶದ ಕಪ್ ನೋಡುವಾಗ ಮಾತ್ರ ಆ ಸ್ವಾತಂತ್ರ್ಯ ಏಕಿಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಜಾಗ ಬದಲಾದರೇನು, ಆಟ ಅದೇ ತಾನೇ ಎನ್ನುವವರು ಸ್ಪೇನ್ ಕಡೆ ನೋಡಬೇಕು. ಅಲ್ಲಿ ಸೂಪರ್ ಕಪ್ 1982ರಲ್ಲಿ ಶುರುವಾಯಿತು. ಮೊದಲ ವರ್ಷವೇ ಬಾಸ್ಕ್ ನಾಡಿನ ರಿಯಲ್ ಸೋಸಿಯೆದಾದ್ ತನ್ನ ಊರಿನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ನಾಲ್ಕು ಗೋಲು ಹೊಡೆದು ಕಪ್ ಎತ್ತಿತು. ಎರಡು ಪಂದ್ಯ, ಎರಡೂ ತಂಡಗಳ ಊರಿನಲ್ಲಿ ಒಂದೊಂದು: ಇದು ಮೂರೂವರೆ ದಶಕ ನಡೆದ ಪದ್ಧತಿ. 2020ರಿಂದ ಟೂರ್ನಿ ಸೌದಿಗೆ ಹೋಯಿತು. ವರ್ಷಕ್ಕೆ ಸುಮಾರು 4 ಕೋಟಿ ಯೂರೋ ಎಂದು ವರದಿಯಾಯಿತು. ಅಷ್ಟು ದುಡ್ಡು ಕೊಡುವವರಿಗೆ ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ ಬೇಕು. ಲೀಗ್ ಮತ್ತು ಕಪ್ ಗೆದ್ದವರನ್ನಷ್ಟೇ ಕರೆದರೆ ಅದಕ್ಕೆ ಖಾತ್ರಿಯಿಲ್ಲ. ಆದ್ದರಿಂದ ತಂಡಗಳು ಎರಡರ ಬದಲು ನಾಲ್ಕಾದವು. ಎರಡನೆಯ ಸ್ಥಾನ ಪಡೆದವರಿಗೂ, ಜಾಗ ಉಳಿದರೆ ಲೀಗ್‌ನಲ್ಲಿ ಅವರ ನಂತರದವರಿಗೂ ಪ್ರವೇಶ ಸಿಕ್ಕಿತು.

ಅದರ ಫಲ ಮೊದಲ ವರ್ಷವೇ ಕಂಡಿತು. ಹಿಂದಿನ ಋತುವಿನಲ್ಲಿ ಲೀಗ್ ಗೆದ್ದದ್ದು ಬಾರ್ಸಿಲೋನಾ, ಕಪ್ ಗೆದ್ದದ್ದು ವೆಲೆನ್ಸಿಯಾ. ಹಳೆಯ ನಿಯಮದಂತೆ ಆಡಬೇಕಾದವರು ಇವರಿಬ್ಬರೇ. ಜೆಡ್ಡಾದಲ್ಲಿ ಇಬ್ಬರೂ ಸೆಮಿಫೈನಲ್‌ನಲ್ಲಿ ಸೋತರು. ಫೈನಲ್ ಆಡಿದವರು ಲೀಗ್‌ನಲ್ಲಿ ಎರಡನೆಯವರಾದ ಅಟ್ಲೆಟಿಕೊ ಮತ್ತು ಮೂರನೆಯವರಾದ ರಿಯಲ್ ಮ್ಯಾಡ್ರಿಡ್. ಹೆಚ್ಚುವರಿ ಸಮಯದ ಕೊನೆಯಲ್ಲಿ ಮೊರಾಟಾ ಗೋಲಿನತ್ತ ಒಂಟಿಯಾಗಿ ನುಗ್ಗುತ್ತಿದ್ದಾಗ ಮ್ಯಾಡ್ರಿಡ್‌ನ ವಾಲ್ವೆರ್ದೆ ಹಿಂದಿನಿಂದ ಕಾಲು ಕೊಟ್ಟು ಬೀಳಿಸಿ ಕೆಂಪು ಕಾರ್ಡ್ ಪಡೆದರು. ಪೆನಾಲ್ಟಿಯಲ್ಲಿ ಮ್ಯಾಡ್ರಿಡ್ ಗೆದ್ದಿತು. ರೋಚಕ ಪಂದ್ಯ, ಅನುಮಾನವಿಲ್ಲ. ಆದರೆ ದೇಶದೊಳಗಿನ ಎರಡೂ ಪ್ರಶಸ್ತಿಗಳಲ್ಲಿ ಒಂದನ್ನೂ ಗೆಲ್ಲದ ತಂಡ ಚಾಂಪಿಯನ್ನರ ಚಾಂಪಿಯನ್ ಆಯಿತು. ಇಟಲಿಯೂ ಇದೇ ದಾರಿ ಹಿಡಿದು ನಾಲ್ಕು ತಂಡಗಳ ಟೂರ್ನಿ ಮಾಡಿಕೊಂಡಿತು. 2025ರ ಜನವರಿಯಲ್ಲಿ ಲೀಗ್‌ನ ಎರಡನೆಯ ಸ್ಥಾನಿ ಮಿಲಾನ್ ರಿಯಾದ್‌ನಲ್ಲಿ ಕಪ್ ಎತ್ತಿತು. ಮೈದಾನವನ್ನು ಮಾರಲು ಹೊರಟವರು ಕೊನೆಗೆ ಕಪ್‌ನ ಅರ್ಥವನ್ನೇ ಮಾರಿದ್ದಾರೆ.

ಎದುರು ವಾದಗಳಲ್ಲಿ ಒಂದಕ್ಕೆ ನಾನು ತಲೆಬಾಗುತ್ತೇನೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಲಕ್ಷಾಂತರ ಜನರಲ್ಲಿ ನಮ್ಮ ಭಟ್ಕಳ, ಉಡುಪಿ, ಮಂಗಳೂರಿನವರೂ ಇದ್ದಾರೆ. ಟಿವಿಯಲ್ಲಷ್ಟೇ ನೋಡಿದ್ದ ರೊನಾಲ್ಡೊನನ್ನು ಜೆಡ್ಡಾದಲ್ಲಿ ಕಣ್ಣಾರೆ ಕಾಣುವುದು ಅವರಿಗೆ ಸಣ್ಣ ಸಂಗತಿಯಲ್ಲ. ಅವರ ಪ್ರೀತಿ ಮಿಲಾನ್‌ನವರ ಪ್ರೀತಿಗಿಂತ ಕಡಿಮೆ ತೂಕದ್ದು ಎನ್ನಲು ನಾನು ಯಾರು? ಆದರೆ ಆ ಆಸೆ ತೀರಿಸಲು ಪ್ರದರ್ಶನ ಪಂದ್ಯಗಳಿವೆ. ಬೇಸಿಗೆಯಲ್ಲಿ ಯುರೋಪಿನ ಕ್ಲಬ್‌ಗಳು ಏಷ್ಯಾ, ಅಮೆರಿಕ ಎಲ್ಲ ಸುತ್ತುತ್ತವೆ; ಸುತ್ತಲಿ. ಪ್ರಶಸ್ತಿ ಪಂದ್ಯವನ್ನು ಹೊತ್ತೊಯ್ದರೆ, ವರ್ಷವಿಡೀ ಮಳೆ ಚಳಿಯಲ್ಲಿ ನಿಂತು ತಂಡವನ್ನು ಅಲ್ಲಿಯವರೆಗೆ ತಂದವರೇ ಹೊರಗುಳಿಯುತ್ತಾರೆ.

ಟರ್ಕಿಯಲ್ಲಿ ಈ ವ್ಯವಹಾರ ಅಕ್ಷರಶಃ ಕುಸಿದುಬಿತ್ತು. 2023 ಆ ಗಣರಾಜ್ಯದ ನೂರನೆಯ ವರ್ಷ. ಡಿಸೆಂಬರ್ 29ರಂದು ಗಲಾತಸರಾಯ್ ಮತ್ತು ಫೆನೆರ್‌ಬಾಹ್ಚೆ ರಿಯಾದ್‌ನಲ್ಲಿ ಸೂಪರ್ ಕಪ್ ಆಡಬೇಕಿತ್ತು. ಗಣರಾಜ್ಯದ ಸ್ಥಾಪಕ ಅಟಾಟುರ್ಕ್ ಚಿತ್ರವಿರುವ ಅಂಗಿ ತೊಟ್ಟು ಅಭ್ಯಾಸಕ್ಕೆ ಇಳಿಯುತ್ತೇವೆ, ಅವರ ಶಾಂತಿಯ ಮಾತಿನ ಬ್ಯಾನರ್ ಹಿಡಿಯುತ್ತೇವೆ ಎಂದು ತಂಡಗಳು ಹೇಳಿದವು. ಒಪ್ಪಿಗೆ ಸಿಗಲಿಲ್ಲ. ಬದ್ಧವೈರಿಗಳಾದ ಎರಡೂ ತಂಡಗಳು ಒಂದಾಗಿ ಆಡದೆಯೇ ವಿಮಾನ ಹತ್ತಿದವು. ಮುಂದೆ ಏಪ್ರಿಲ್‌ನಲ್ಲಿ ಪಂದ್ಯ ಟರ್ಕಿಯ ಶಾನ್ಲಿಉರ್ಫಾಕ್ಕೆ ಬಂದಾಗಲೂ ಬೇರೆ ಜಗಳದಿಂದಾಗಿ ಫೆನೆರ್‌ಬಾಹ್ಚೆ ಕಿರಿಯರ ತಂಡ ಇಳಿಸಿ, ಮೊದಲ ಗೋಲು ಬಿದ್ದೊಡನೆ ಮೈದಾನ ಬಿಟ್ಟಿತು ನಿಜ. ಆದರೂ ಆ ಡಿಸೆಂಬರ್ ರಾತ್ರಿ ಒಂದು ವಿಷಯ ತೀರ್ಮಾನವಾಗಿತ್ತು. ದೇಶದ ಕಪ್‌ಗೆ ದೇಶದ ಸ್ಥಾಪಕನ ಚಿತ್ರವನ್ನು ತರಲು ಆತಿಥೇಯರ ಅನುಮತಿ ಬೇಕು ಎಂದಾದರೆ, ಆ ಕಪ್ ಆಗಲೇ ಪರರ ಪಾಲಾಗಿದೆ.

ಇದು ನಮಗೆ ದೂರದ ಸುದ್ದಿಯಲ್ಲ. 2009ರಲ್ಲಿ ಲೋಕಸಭಾ ಚುನಾವಣೆಯಿಂದಾಗಿ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಬೆಂಗಳೂರು ತಂಡ ಮೊದಲ ಸಲ ಫೈನಲ್ ತಲುಪಿದ್ದು ಆಗಲೇ. ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತರೂ ಆರು ರನ್ನಿನಿಂದ ಸೋತೆವು, ಅದೂ ಜೋಹಾನ್ಸ್‌ಬರ್ಗ್‌ನಲ್ಲಿ. ಅಂದು ಹೋದದ್ದಕ್ಕೆ ಅನಿವಾರ್ಯ ಕಾರಣವಿತ್ತು, ಮರುವರ್ಷ ವಾಪಸಾಯಿತು. 2024ರ ನವೆಂಬರ್‌ನಲ್ಲಿ ಐಪಿಎಲ್‌ನ ಮಹಾ ಹರಾಜು ನಡೆದದ್ದು ಜೆಡ್ಡಾದಲ್ಲಿ. ಅದಕ್ಕೆ ಅಂಥ ಯಾವ ಅನಿವಾರ್ಯವೂ ಇರಲಿಲ್ಲ.

ಹೀಗಾಗಿ 2025ರ ಅಕ್ಟೋಬರ್‌ನಲ್ಲಿ ಸ್ಪೇನ್ ಆಟಗಾರರು ಮಾಡಿದ್ದನ್ನು ನಾವು ಗಮನಿಸಬೇಕು. ಬಾರ್ಸಿಲೋನಾ ಮತ್ತು ವಿಲ್ಲಾರಿಯಲ್ ನಡುವಿನ ಲೀಗ್ ಪಂದ್ಯವನ್ನು ಮಯಾಮಿಗೆ ಒಯ್ಯಲು ಹೊರಟಾಗ, ಅವರು ಪಂದ್ಯಗಳ ಆರಂಭದಲ್ಲಿ 15 ಸೆಕೆಂಡು ಅಲುಗಾಡದೆ ನಿಂತು ಪ್ರತಿಭಟಿಸಿದರು. ಅಭಿಮಾನಿ ಸಂಘಗಳೂ ದನಿ ಎತ್ತಿದವು. ಅದೇ ತಿಂಗಳು ಮಯಾಮಿ ಯೋಜನೆ ರದ್ದಾಯಿತು. ಬೆಂಗಳೂರು ತಂಡದ ಪಂದ್ಯವನ್ನು ಹೊರದೇಶಕ್ಕೆ ಒಯ್ಯುವ ಮಾತು ನಾಳೆ ಬಂದರೆ, ಚಿನ್ನಸ್ವಾಮಿಯಲ್ಲಿ ಕೂರುವ ನಾವೂ ಮೊದಲ ದಿನವೇ ಬೇಡ ಎನ್ನಬೇಕು.