ಬೆರಳು ಉಜ್ಜಿದ ತಾತ ಕೇಳಿದ್ದೇನು?

ನಮ್ಮ ಗೆಳೆಯನೊಬ್ಬನ ಊರು ಮುಳಬಾಗಿಲು ತಾಲ್ಲೂಕಿನ ತಾಯಲೂರು. ಗಡಿ ಕಡೆಯ ಊರು. ಅವರ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಅವನ ತಾತನಿಗೆ ನ್ಯುಮೋನಿಯಾ ಜೋರಾಗಿ ಉಸಿರೇ ಸಾಲದಾದಾಗ ದೊಡ್ಡ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದರು. ಬಾಯಲ್ಲಿ ವೆಂಟಿಲೇಟರ್ ಕೊಳವೆ, ಹಾಗಾಗಿ ಮಾತಿಲ್ಲ. ಕೊಳವೆ ಕಿತ್ತುಕೊಂಡಾರು ಅಂತ ಕೈಗೆ ಪಟ್ಟಿ ಕಟ್ಟಿದ್ದರು. ಮೂರನೇ ದಿನ ತಾತ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಲೇ ಇದ್ದರು. ನವೆ ಇರಬೇಕು ಅಂದುಕೊಂಡು ಮುಲಾಮು ಹಚ್ಚಿದರು. ಸಂಜೆ ಹತ್ತು ನಿಮಿಷ ಒಳಗೆ ಹೋದ ಮೊಮ್ಮಗನಿಗೆ ನೋಡಿದ ಕೂಡಲೇ ಗೊತ್ತಾಯ್ತು. ತಾತ ಕೇಳ್ತಿದ್ದದ್ದು ದುಡ್ಡಿನ ವಿಷಯ. ಎಷ್ಟಾಯ್ತು, ಎಲ್ಲಿಂದ ತಂದ್ರಿ ಅಂತ. ‘ತಾತಾ, ಆಯುಷ್ಮಾನ್ ಕಾರ್ಡಲ್ಲೇ ಆಗ್ತಿದೆ, ತೋಟ ಮಾರಿಲ್ಲ’ ಅಂತ ಅವನು ತೆಲುಗಲ್ಲಿ ಹೇಳಿದ. ಬೆರಳು ನಿಂತಿತು.

ತಾತ ಈಗ ಮನೆಯಲ್ಲಿದ್ದಾರೆ. ಆ ಒಂದು ಮಾತಿನಿಂದ ಗುಣವಾದರು ಅಂತ ನಾವು ಹೇಳುವುದಿಲ್ಲ. ಗುಣ ಮಾಡಿದ್ದು ಔಷಧಿ, ಆಮ್ಲಜನಕ, ಹಗಲಿರುಳು ನೋಡಿಕೊಂಡ ಡಾಕ್ಟರು, ನರ್ಸುಗಳು. ನಮ್ಮ ಪ್ರಶ್ನೆ ಬೇರೆ. ಮೂರು ದಿನ ಆ ಚಿಂತೆ ಒಳಗೇ ಕುದಿಯಿತಲ್ಲ, ಅದರ ಬಿಲ್ಲನ್ನು ಅವರ ದೇಹ ಕಟ್ಟಲಿಲ್ಲವೇ?

ಕಟ್ಟುತ್ತದೆ. ಹೇಗೆ ಅನ್ನೋದು ಎಂಜಿನಿಯರಿಂಗ್ ಓದುವ ನಮಗೆ ಸುಲಭವಾಗಿ ಅರ್ಥವಾಗಬೇಕು. ಸ್ಟ್ರೆಸ್ ಅನ್ನುವ ಮಾತು ವೈದ್ಯಕೀಯಕ್ಕೆ ಹೋಗುವ ಮೊದಲು ನಮ್ಮ ಶಾಸ್ತ್ರದಲ್ಲೇ ಇತ್ತು. 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನದಿಂದ ಈ ಅಧ್ಯಯನಕ್ಕೆ ದಾರಿ ತೆರೆದ ಹಾನ್ಸ್ ಸೆಲ್ಯೆ ಮುಂದೆ ಅದನ್ನು ದೇಹಕ್ಕೆ ಅನ್ವಯಿಸಿದರು. ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಸ್ಟ್ರೆಸ್. ಮೊದಲ ಸೆಮಿಸ್ಟರಿನ ಪಾಠ. ಭಾರ ಅಷ್ಟೇ ಇದ್ದು ಕಂಬ ಸವೆದಿದ್ದರೆ ಸ್ಟ್ರೆಸ್ ಹೆಚ್ಚುತ್ತದೆ. ನಾವು ನೀವು ಹೊತ್ತುಕೊಂಡು ಓಡಾಡುವ ಚಿಂತೆಯೇ ಐಸಿಯುನಲ್ಲಿ ಮಲಗಿದವರಿಗೆ ದುಬಾರಿಯಾಗುವುದು ಹೀಗೆ.

ಹೆದರಿಕೆಯಾದಾಗ ಮೆದುಳಿನ ಹೈಪೋಥಲಾಮಸ್ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಶ್ವಾಸಕೋಶವೇ ಸೋತು ಆಮ್ಲಜನಕ ಸಾಲದಿರುವ ಹೊತ್ತಿನಲ್ಲಿ! ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ರಕ್ತದ ಸಕ್ಕರೆ ಏರಬಹುದು. ಕಾರ್ಟಿಸಾಲ್ ಶತ್ರುವೇನಲ್ಲ, ಅದಿಲ್ಲದಿದ್ದರೆ ರೋಗಿ ಬದುಕುವುದೇ ಕಷ್ಟ. ಕಾಯಿಲೆಯೇ ಈ ಎಚ್ಚರಿಕೆಯನ್ನು ಆಗಲೇ ಒತ್ತಿಹಿಡಿದಿರುತ್ತದೆ. ಅದರ ಮೇಲೆ ಭಯ, ನಿದ್ದೆಗೇಡು, ಒಂಟಿತನ ಸೇರಿದರೆ ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ಕುಗ್ಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. 1995ರಲ್ಲಿ ಅಮೆರಿಕದ ಒಹಾಯೊದಲ್ಲಿ ಮರೆವಿನ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಮಹಿಳೆಯರ ಕೈಮೇಲೆ ಸಣ್ಣ ಗಾಯ ಮಾಡಿ ನೋಡಿದರು. ಬೇರೆಯವರಿಗಿಂತ ಅವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. ಅಂದರೆ ಐಸಿಯು ಹೊರಗೆ ಚಾಪೆ ಹಾಸಿಕೊಂಡು ಕಾಯುವ ಮನೆಯವರ ದೇಹಕ್ಕೂ ಈ ಬಿಲ್ಲು ತಪ್ಪಿದ್ದಲ್ಲ.

ಹಾಗಾದರೆ ಯಾವ ಭಾರವನ್ನು ಇಳಿಸಬಹುದು? ಕಾಯಿಲೆಯ ಭಾರವನ್ನು ಡಾಕ್ಟರೇ ಇಳಿಸಬೇಕು. ಆದರೆ ಸದ್ದು, ಒಂಟಿತನ, ಭಾಷೆ ಇವು ನಾವೇ ಹೇರಿದ ಭಾರಗಳು.

ಸದ್ದು ನೋಡಿ. ರೋಗಿ ಮಲಗುವ ವಾರ್ಡಿನಲ್ಲಿ ರಾತ್ರಿ 30 ಡೆಸಿಬಲ್ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪ್ರಪಂಚದ ಬಹುತೇಕ ಐಸಿಯುಗಳು 50 ದಾಟಿರುತ್ತವೆ. ಕೂಗುವ ಅಲಾರಾಂಗಳಲ್ಲಿ ಹೆಚ್ಚಿನವು ಸುಳ್ಳು ಅಥವಾ ಏನೂ ಮಾಡಬೇಕಿಲ್ಲದವು. ನರ್ಸಿಗೆ ಅದು ರೂಢಿಯಾದರೂ ಮಲಗಿದವರಿಗೆ ಪ್ರತಿ ಸಲವೂ ‘ನನಗೇನೋ ಆಯ್ತು’ ಅನ್ನೋ ಭಯ. ಅಲಾರಾಂ ಡಿಸೈನ್ ಮಾಡುವವರು ಯಾರು? ನಾಳೆ ನಾವೇ ಅಲ್ಲವೇ?

ಒಂಟಿತನದ ಮಾತು ಬಂದರೆ ‘ಒಳಗೆ ಬಿಟ್ಟರೆ ಸೋಂಕು ತರ್ತಾರೆ, ಊರೇ ಬಂದು ನಿಲ್ಲುತ್ತೆ’ ಅನ್ನುವ ಉತ್ತರ ಬರುತ್ತದೆ. ಊರೇ ಬಂದು ನಿಲ್ಲುತ್ತೆ ಅನ್ನೋದು ನಿಜ, ನಮ್ಮವರನ್ನು ನಾವು ಬಲ್ಲೆವು. ಆದರೆ ಬ್ರೆಜಿಲ್‌ನ 36 ಐಸಿಯುಗಳಲ್ಲಿ ಮನೆಯವರನ್ನು ಹೆಚ್ಚು ಹೊತ್ತು ಒಳಗೆ ಬಿಟ್ಟು ನೋಡಿ 2019ರಲ್ಲಿ ವರದಿ ಮಾಡಿದರು. ಸೋಂಕು ಹೆಚ್ಚಲಿಲ್ಲ. ಐಸಿಯು ರೋಗಿಗಳು ಭ್ರಮೆಯಲ್ಲಿ ಬಡಬಡಿಸುವ ಡೆಲಿರಿಯಮ್ ಕೂಡ ನಿರೀಕ್ಷಿಸಿದಷ್ಟು ಇಳಿಯಲಿಲ್ಲ, ಅದನ್ನೂ ಹೇಳಿಬಿಡಬೇಕು. ಮನೆಯವರ ಆತಂಕ ಮಾತ್ರ ಇಳಿಯಿತು. ಕೈ ತೊಳೆದು, ಗೌನ್ ಹಾಕಿದ ಒಬ್ಬರೇ ಒಬ್ಬರು, ಹತ್ತು ನಿಮಿಷದ ಬದಲು ಒಂದೆರಡು ಗಂಟೆ ಪಕ್ಕದಲ್ಲಿ ಕೂರಲಿ ಅನ್ನುವುದು ಅತಿಯಾಸೆಯಲ್ಲ.

ಇನ್ನು ಭಾಷೆ. ಕೋಲಾರ ಸೀಮೆಯ ರೋಗಿಗೆ ಬರುವುದು ತೆಲುಗು, ಕನ್ನಡ. ಪಕ್ಕದಲ್ಲಿರುವ ನರ್ಸ್ ಕೇರಳದವರೋ ಈಶಾನ್ಯದವರೋ ಇರಬಹುದು. ತಪ್ಪು ಅವರದಲ್ಲ. ಬಾಯಿಗೆ ಕೊಳವೆ ಹಾಕಿದ ಮೇಲೆ ಕನ್ನಡ ಬಲ್ಲವರಿಗೂ ಅರ್ಥವಾಗುವುದು ಕಷ್ಟವೇ. ಅದಕ್ಕೆ ನಮ್ಮದೊಂದು ಪ್ರಸ್ತಾಪ. ನವೆಂಬರ್ ಬಂದಾಗ ಬಾವುಟ ಹಾರಿಸಿ, ಡಿಜೆ ಹಾಕಿ ಕುಣಿಯುವುದರ ಜೊತೆಗೆ ಈ ಸಲ ನಮ್ಮ ಕನ್ನಡ ಸಂಘ ಒಂದು ಚಿತ್ರಫಲಕ ಮಾಡಲಿ. ಒಂದು ಎ4 ಹಾಳೆ, ಲ್ಯಾಮಿನೇಷನ್, ಹನ್ನೆರಡು ಚಿತ್ರ. ಚಿತ್ರದ ಕೆಳಗೆ ಕನ್ನಡ, ತೆಲುಗು, ಇಂಗ್ಲಿಷ್. ರೋಗಿ ಬೆರಳು ತೋರಿಸಿದರೆ ಸಾಕು. ಏನೇನಿರಬೇಕು ಅನ್ನೋದನ್ನು ಐಸಿಯು ನರ್ಸುಗಳನ್ನೇ ಕೇಳೋಣ, ಗುಣವಾಗಿ ಬಂದವರನ್ನೂ ಕೇಳೋಣ. ನೋವು, ಬಾಯಾರಿಕೆ, ಉಸಿರು, ಚಳಿ, ಮನೆಯವರು ಇವೆಲ್ಲ ಯಾರಿಗಾದರೂ ಹೊಳೆಯುತ್ತವೆ. ದುಡ್ಡು ಅನ್ನುವ ಚಿತ್ರ ಹೊಳೆದದ್ದು ತಾಯಲೂರಿನ ತಾತನಿಂದ. ಅದನ್ನು ಬಿಡದೆ ಹಾಕೋಣ.