ಮೂರು ಕಲ್ಲಿನ ಶೋಕಿ ಸಾಕು ಸ್ವಾಮಿ

ಚಾರಣಕ್ಕೆ ಸ್ಟವ್ ಹೊತ್ಕೊಂಡು ಹೋಗೋದು ಶೋಕಿ ಅಂತೆ. ಮಳೆಗಾಲ ಮುಗಿದು ಬೆಟ್ಟ ಹತ್ತುವ ಹುರುಪು ಶುರುವಾಗುತ್ತಿದ್ದ ಹಾಗೆ ಈ ಮಾತು ಯಾರ ಬಾಯಿಂದಾದರೂ ಬಂದೇ ಬರುತ್ತದೆ. "ಮೂರು ಕಲ್ಲು, ನಾಲ್ಕು ಒಣ ಪುಳ್ಳೆ, ಒಂದು ಬೆಂಕಿಪೊಟ್ಟಣ. ನಮ್ಮ ಅಜ್ಜಂದಿರು ಇಷ್ಟರಲ್ಲೇ ಬದುಕಲಿಲ್ವಾ? ನಿಮಗೇನ್ರೀ ಗ್ಯಾಸು, ಬರ್ನರು?" ಹೀಗೆ ಕೇಳುವವರು ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಟಿಟಿ ಹತ್ತಿ ಬಂದಿರುತ್ತಾರೆ. ಕಾಲಿಗೆ ಬ್ರ್ಯಾಂಡೆಡ್ ಶೂ, ಹಣೆಗೆ ಹೆಡ್‌ಲ್ಯಾಂಪ್, ಕೈಯಲ್ಲಿ ದಾರಿ ತೋರಿಸುವ ಫೋನು. ಇದ್ಯಾವುದಕ್ಕೂ ಅಜ್ಜ ನೆನಪಾಗಲ್ಲ. ಬೆಂಕಿ ಹಚ್ಚುವಾಗ ಮಾತ್ರ ಅಜ್ಜ ಬೇಕು.

ನಾನು ಹೇಳೋದು ಇದಕ್ಕೆ ಪೂರ್ತಿ ಉಲ್ಟಾ. ಇವತ್ತಿನ ದಿನ ನಮ್ಮ ಘಟ್ಟದ ಬೆಟ್ಟಗಳಲ್ಲಿ ಮೂರು ಕಲ್ಲಿನ ಒಲೆಯೇ ನಿಜವಾದ ಶೋಕಿ. ಸ್ಟವ್ ಅನ್ನೋದು ಕನಿಷ್ಠ ಮರ್ಯಾದೆ.

ಮೊದಲು ಅಜ್ಜನ ಒಲೆಯನ್ನೇ ನೋಡೋಣ. ಅದು ಅವನ ಮನೆಯೊಳಗೆ, ಸೂರಿನ ಕೆಳಗೆ, ಸಗಣಿ ಸಾರಿಸಿದ ನೆಲದ ಮೇಲೆ ಇತ್ತು. ಹೊತ್ತಿಸಿದ ಮೇಲೆ ಹತ್ತಿರ ಒಬ್ಬರು ಕೂತೇ ಇರುತ್ತಿದ್ದರು. ಸೌದೆ ಅವನ ತೋಟದ್ದು, ಬೇಸಿಗೆಯಲ್ಲೇ ಕೂಡಿಟ್ಟದ್ದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಂಡೆ ಕಾಯೋದು ಹೀಗೇ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ವಾರಕ್ಕೊಮ್ಮೆ ಮೂವತ್ತು ಜನ ಬಂದು, ಗಾಳಿ ಹೊಡೆಯುವ ಏಣಿನ ಮೇಲೆ, ಹುಲ್ಲಿನ ನಡುವೆ, ತಮ್ಮದಲ್ಲದ ಜಾಗದಲ್ಲಿ ಹಚ್ಚಿ, ಬೆಳಗ್ಗೆ ಬಾಟಲಿ ನೀರು ಚೆಲ್ಲಿ "ಆರಿದೆ ಬಿಡು" ಅಂತ ಇಳಿದು ಹೋಗುವ ಬೆಂಕಿಯ ಬಗ್ಗೆ.

ಕುಮಾರಪರ್ವತ, ಕುದುರೆಮುಖ, ತಡಿಯಂಡಮೋಳ್ ಕಡೆಯ ಬೆಟ್ಟಗಳ ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಆಗಸ್ಟಿನಲ್ಲಿ ಹಸಿರು ರತ್ನಗಂಬಳಿಯಾಗಿದ್ದ ಹುಲ್ಲು ಜನವರಿಗೆ ಒಣಮೇವು. ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿದೆಯಲ್ಲ? ಅದನ್ನ ಚಾರಣಿಗರು ಹಚ್ಚಿದರು ಅಂತ ನಾನು ಹೇಳ್ತಿಲ್ಲ. ಆ ತಿಂಗಳಲ್ಲಿ ನಮ್ಮ ಕಾಡು ಎಂಥ ಸ್ಥಿತಿಯಲ್ಲಿರುತ್ತೆ ಅನ್ನೋದಷ್ಟೇ ನನ್ನ ಮಾತು. ಇನ್ನು "ಬಿದ್ದ ಕಟ್ಟಿಗೆ ತಾನೆ, ಯಾರಿಗೆ ನಷ್ಟ?" ಅನ್ನೋ ಪ್ರಶ್ನೆ. ಗೆದ್ದಲಿಗೆ, ಅಣಬೆಗೆ, ದುಂಬಿಗೆ, ಅದು ಕೊಳೆತು ಆಗುವ ಮಣ್ಣಿಗೆ ನಷ್ಟ. ಒಂದು ತಂಡಕ್ಕೆ ಒಂದು ಹೊರೆ ಅಂತ ಲೆಕ್ಕ ಹಾಕಿ, ವರ್ಷದ ವಾರಾಂತ್ಯಗಳಿಂದ ಗುಣಿಸಿ ನೋಡಿ.

ಹಾಗಂತ ಎಲ್ಲರೂ ಹೋಗಿ ಸ್ಟವ್ ಕೊಳ್ಳಿ ಅಂತಾನೂ ನಾನು ಹೇಳಲ್ಲ. ಸ್ಟವ್ ಆರಿಸುವ ಮೊದಲ ಹೆಜ್ಜೆ ಸ್ಟವ್ ಬೇಕಾ ಅಂತ ಕೇಳಿಕೊಳ್ಳೋದು. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಬೆಳಗ್ಗೆ ಹತ್ತಿ ಸಂಜೆಗೆ ಇಳಿಯಬೇಕು, ಅಲ್ಲಿ ಟೆಂಟೂ ಇಲ್ಲ, ಅಡುಗೆಯೂ ಇಲ್ಲ. ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯದೊಳಗಿದೆ. ಅಪಾಯ ತರುವ ಹಾಗೆ ಅಭಯಾರಣ್ಯದಲ್ಲಿ ಬೆಂಕಿ ಹೊತ್ತಿಸೋದನ್ನ, ಉರಿಯುವ ಬೆಂಕಿ ಬಿಟ್ಟು ಬರೋದನ್ನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ನೇ ತಡೆಯುತ್ತೆ. ಇಂಥ ಕಡೆ ಗೊಜ್ಜವಲಕ್ಕಿ, ಚಪಾತಿ-ಚಟ್ನಿಪುಡಿ, ಒಂದು ಫ್ಲಾಸ್ಕ್ ಕಾಫಿ ಸಾಕು. ಒಂದು ದಿನ ಬಿಸಿ ಮ್ಯಾಗಿ ತಿನ್ನದಿದ್ರೆ ಯಾರೂ ಸಾಯಲ್ಲ. ಅಡುಗೆಗೆ ಅನುಮತಿ ಇರುವ ಕ್ಯಾಂಪಿನಲ್ಲಿ, ಎಸ್ಟೇಟಿನ ಅಂಗಳದಲ್ಲಿ, ದಿನಗಟ್ಟಲೆ ನಡೆಯುವ ಹಿಮಾಲಯದ ಹಾದಿಯಲ್ಲಿ ಮಾತ್ರ ಮುಂದಿನ ಪ್ರಶ್ನೆ: ಯಾವ ಸ್ಟವ್?

ನಮ್ಮ ಅಂಗಡಿಗಳಲ್ಲಿ ಸಿಗೋದು ಮುಖ್ಯವಾಗಿ ಎರಡು ಬಗೆಯ ಗ್ಯಾಸ್ ಡಬ್ಬಿ. ಉದ್ದ ಮೂತಿಯದ್ದು ಒಂದು, ಅದರಲ್ಲಿ ಹೆಚ್ಚಾಗಿ ಬರೀ ಬ್ಯೂಟೇನ್. ಕುಳ್ಳಗಿದ್ದು ತಲೆಯ ಮೇಲೆ ಬರ್ನರ್ ತಿರುಗಿಸಿ ಕೂರಿಸುವಂಥದ್ದು ಇನ್ನೊಂದು, ಅದರಲ್ಲಿ ಐಸೋಬ್ಯೂಟೇನ್, ಪ್ರೊಪೇನ್ ಬೆರೆತಿರುತ್ತೆ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಗೇ ಆವಿಯಾಗೋದು ನಿಲ್ಲಿಸುತ್ತೆ. ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತೆ. ಕೊಡಗು, ಚಿಕ್ಕಮಗಳೂರಿಗೆ ಅಗ್ಗದ ಬ್ಯೂಟೇನ್ ಡಬ್ಬಿ ಧಾರಾಳ ಸಾಕು. ಹಿಮದ ಹಾದಿಗೆ ಬೆರಕೆ ಗ್ಯಾಸೇ ಬೇಕು, ಇಲ್ಲಾಂದ್ರೆ ಬೆಳಗಿನ ಜಾವ ತುಂಬಿದ ಡಬ್ಬಿ ಹಿಡಿದು ಬೆಪ್ಪಾಗಿ ಕೂರಬೇಕಾಗುತ್ತೆ.

ಸ್ಪಿರಿಟ್ ಸ್ಟವ್ ಹಗುರ, ಅಗ್ಗ, ಕೆಡಲು ಅದರಲ್ಲಿ ಏನೂ ಇಲ್ಲ. ಆದರೆ ಬಿಸಿಲಲ್ಲಿ ಅದರ ಜ್ವಾಲೆ ಕಣ್ಣಿಗೇ ಕಾಣಲ್ಲ. ಆರಿದೆ ಅಂದುಕೊಂಡು ಮೇಲಿಂದ ಸ್ಪಿರಿಟ್ ಸುರಿದರೆ ಬೆಂಕಿ ಬಾಟಲಿಗೇ ಏರುತ್ತೆ, ಉರುಳಿದರೆ ಹುಲ್ಲಿಗೆ ಹರಿಯುತ್ತೆ. ಒಣಹುಲ್ಲಿನ ಬೆಟ್ಟಕ್ಕೆ ಇದು ಬೇಡವೇ ಬೇಡ. ಸೀಮೆಎಣ್ಣೆಯ ಪಂಪ್ ಸ್ಟವ್ ನಮಗೆ ಗೊತ್ತಿರೋದೇ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್‌ನ ವಂಶದ್ದು ಅದು. ದಕ್ಷಿಣ ಧ್ರುವಕ್ಕೂ ಹೋಯ್ತು, ಎವರೆಸ್ಟಿಗೂ ಹೋಯ್ತು, ಪಿನ್ ಚುಚ್ಚಿಸಿಕೊಳ್ಳುತ್ತಾ ನಮ್ಮ ಅಮ್ಮಂದಿರ ಅಡುಗೆಮನೆಯಲ್ಲೂ ಭುಸುಗುಟ್ಟಿತು. ಕೊರೆಯುವ ಚಳಿಯಲ್ಲಿ ಈಗಲೂ ಅದಕ್ಕೆ ಸಾಟಿ ಕಡಿಮೆ. ಆದರೆ ಕ್ಯಾನ್ ಹಿಡಿದು ರೇಷನ್ ಅಂಗಡಿ ಮುಂದೆ ನಿಲ್ಲುತ್ತಿದ್ದ ಕಾಲ ಹೋಯ್ತು, ಈಗ ಸೀಮೆಎಣ್ಣೆ ಹುಡುಕೋದೇ ಒಂದು ಚಾರಣ.

ಸ್ಟವ್ ಕೊಳ್ಳುವಾಗ ಎಲ್ಲರೂ ಕೇಳೋದು "ಎಷ್ಟು ಜೋರಾಗಿ ಉರಿಯುತ್ತೆ?" ಅಂತ. ಕೇಳಬೇಕಾದ್ದು "ಎಷ್ಟು ಸಣ್ಣಗೆ ಉರಿಯುತ್ತೆ, ಪಾತ್ರೆ ಎಷ್ಟು ಗಟ್ಟಿಯಾಗಿ ಕೂರುತ್ತೆ, ಗಾಳಿಗೆ ಎಷ್ಟು ತಡೆಯುತ್ತೆ" ಅಂತ. ಲೆಕ್ಕ ಸುಲಭ. ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ 100ಕ್ಕೆ ಏರಿಸಲು 75 ಕಿಲೋ ಕ್ಯಾಲೊರಿ ಬೇಕು. ಒಂದು ಗ್ರಾಂ ಗ್ಯಾಸ್ ಕೊಡೋದು ಸುಮಾರು 11. ಅರ್ಧ ಶಾಖ ಪೋಲಾದರೂ ಲೀಟರಿಗೆ 14 ಗ್ರಾಂ. ಅಂದ್ರೆ 230 ಗ್ರಾಂ ಡಬ್ಬಿಯಲ್ಲಿ ಹದಿನೈದು ಲೀಟರ್ ಕುದಿಯುತ್ತೆ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಸೇರೋದು ಶಾಖದ ಹತ್ತರಲ್ಲಿ ಒಂದೆರಡು ಪಾಲಷ್ಟೇ. ಅಷ್ಟೇ ನೀರಿಗೆ ಎರಡು ಮೂರು ಕಿಲೋ ಒಣ ಸೌದೆ ಹೋಗುತ್ತೆ. ಗ್ಯಾಸ್ ಉಳಿಸಬೇಕಾ? ಪಾತ್ರೆಗೆ ಮುಚ್ಚಳ ಹಾಕಿ, ಬಂಡೆ ಮರೆಗೆ ಕೂತ್ಕೊಳ್ಳಿ. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತೆ, ಅಡುಗೆ ಮಾತ್ರ ಬೇಗ ಬೇಯಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿ ಎತ್ತರದಲ್ಲಿ ನೀರು ಕುದಿಯೋದು 94 ಡಿಗ್ರಿ ಹತ್ತಿರ, ಹಿಮಾಲಯದ 4,000 ಮೀಟರಿನಲ್ಲಿ 87ರ ಆಸುಪಾಸು. ಅಲ್ಲಿ ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಿಸಲು ಕೂತರೆ ಡಬ್ಬಿ ಖಾಲಿಯಾದೀತು, ಬೇಳೆ ಬೇಯಲ್ಲ. ಅವಲಕ್ಕಿ, ರವೆ, ಶ್ಯಾವಿಗೆ ಒಯ್ಯಿರಿ.

ಇನ್ನು ಸ್ಟವ್ ಭಕ್ತರಿಗೂ ನಾಲ್ಕು ಮಾತು ಹೇಳಬೇಕು, ಯಾಕಂದ್ರೆ ಮೂರು ಕಲ್ಲಿನವರ ಬಾಯಿಗೆ ಸಿಗೋದು ಇವರೇ. ಮಳೆ ಅಂತ ಟೆಂಟಿನೊಳಗೆ ಸ್ಟವ್ ಹಚ್ಚುತ್ತಾರೆ. ಟೆಂಟಿನ ಬಟ್ಟೆಗೆ ಬೆಂಕಿ ಹತ್ತೋದು ಒಂದು ಭಯ. ಅದಕ್ಕಿಂತ ದೊಡ್ಡದು ಕಾರ್ಬನ್ ಮೊನಾಕ್ಸೈಡ್. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ಮಂಪರು, ಆಮೇಲೆ ಏಳೋದೇ ಇಲ್ಲ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಮಲಗುವವರನ್ನ ಕೊಲ್ಲೋದೂ ಇದೇ. ಗಾಳಿ ತಡೆಯಲು ಡಬ್ಬಿಯ ಸುತ್ತ ತಗಡಿನ ಮರೆ ಕಟ್ಟುವವರಿದ್ದಾರೆ. ಬರ್ನರ್ ಡಬ್ಬಿಯ ನೆತ್ತಿಯ ಮೇಲೇ ಇದ್ದರೆ ಆ ಶಾಖ ಡಬ್ಬಿಗೇ ಇಳಿಯುತ್ತೆ. ಒಲೆಗಿಂತ ಅಗಲದ ಕಾವಲಿ ಇಟ್ಟು ಮೂವತ್ತು ಜನಕ್ಕೆ ದೋಸೆ ಹುಯ್ಯೋದೂ ಅದೇ ಕಥೆ. ಡಬ್ಬಿ ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ಆರಿಸಿ.

ಎಲ್ಲಕ್ಕಿಂತ ದೊಡ್ಡ ಹುಚ್ಚಾಟ ರೀಫಿಲ್. ಒಮ್ಮೆ ಬಳಸಿ ಬಿಡಬೇಕಾದ ತೆಳು ಡಬ್ಬಿಗೆ ಮನೆ ಸಿಲಿಂಡರಿನ ಗ್ಯಾಸ್ ತುಂಬಿಸೋದು. ಮನೆಯ ಗ್ಯಾಸಿನಲ್ಲಿ ಪ್ರೊಪೇನೂ ಇರುತ್ತೆ. 40 ಡಿಗ್ರಿ ಸೆಕೆಯಲ್ಲಿ ಪ್ರೊಪೇನಿನ ಒತ್ತಡ ಬ್ಯೂಟೇನಿನ ಮೂರು ಪಟ್ಟಿಗೂ ಹೆಚ್ಚು. ಅಂಥದ್ದನ್ನ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿಟ್ಟು ಊಟಕ್ಕೆ ಹೋಗೋರಿಗೆ ಏನು ಹೇಳೋದು? ರೈಲಿನಲ್ಲೂ ಗ್ಯಾಸ್ ಒಯ್ಯುವ ಹಾಗಿಲ್ಲ, ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ರೈಲ್ವೆ ಕಾಯ್ದೆ ಪ್ರಕಾರ ಮೂರು ವರ್ಷದವರೆಗೆ ಜೈಲು. 2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತರು. ಕದ್ದು ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರೇ ಕಾರಣ ಅಂತ ರೈಲ್ವೆ ಹೇಳಿತು. ಸ್ಟವ್ ಊರಿಂದ ಒಯ್ಯಿರಿ, ಗ್ಯಾಸನ್ನ ಹೋದ ಊರಲ್ಲೇ ಕೊಳ್ಳಿ.

ಎದುರುವಾದಿಗಳ ಬಳಿ ಒಂದು ಒಳ್ಳೆಯ ಪ್ರಶ್ನೆ ಇದೆ: "ಗ್ಯಾಸು ಭೂಮಿಯಿಂದ ತೆಗೆದದ್ದು, ಡಬ್ಬಿ ಕಸ. ಸೌದೆ ಮತ್ತೆ ಬೆಳೆಯುತ್ತೆ, ಪರಿಸರಕ್ಕೆ ಯಾವುದು ಒಳ್ಳೆಯದು?" ಡಬ್ಬಿ ಕಸವೇ, ಒಪ್ಪಿದೆ. ಆದರೆ ಖಾಲಿ ಡಬ್ಬಿಯನ್ನ ಬ್ಯಾಗಿಗೆ ಹಾಕಿ ವಾಪಸ್ ತರಬಹುದು. ಸುಟ್ಟ ಹುಲ್ಲುಗಾವಲನ್ನ ಯಾವ ಬ್ಯಾಗಿಗೆ ಹಾಕ್ತೀರಿ? ಬೆಂಗಳೂರಿಂದ ಟಿಟಿ ಕುಡಿದ ಡೀಸೆಲ್ ಮುಂದೆ ಹದಿನಾಲ್ಕು ಗ್ರಾಂ ಗ್ಯಾಸಿನ ಲೆಕ್ಕ ಹಿಡಿಯುವುದು ವಾದ ಗೆಲ್ಲೋಕೆ ಮಾತ್ರ ಚೆಂದ. "ಬಡ ಹುಡುಗರು ಸ್ಟವ್ ಎಲ್ಲಿಂದ ತರ್ತಾರೆ?" ಅನ್ನೋರೂ ಇದ್ದಾರೆ. ನಾಲ್ಕು ಜನಕ್ಕೆ ಒಂದು ಸಾಕು, ಬಾಡಿಗೆಗೂ ಸಿಗುತ್ತೆ. ಅದೂ ಬೇಡ ಅಂದ್ರೆ ಬುತ್ತಿ ಇದೆಯಲ್ಲ.

ಬೆಟ್ಟಕ್ಕೆ ಬೆಂಕಿ ಬಿದ್ದಾಗ ಆರಿಸಲು ಹೋಗೋರು ನಾವಲ್ಲ. ನಾವು ಅಷ್ಟು ಹೊತ್ತಿಗೆ ಮನೆ ಸೇರಿ ಫೋಟೋ ಹಾಕ್ತಾ ಇರ್ತೀವಿ. ಹೋಗೋರು ದಿನಗೂಲಿ ವಾಚರ್‌ಗಳು, ಕಾಡಂಚಿನ ಹಳ್ಳಿಯ ಹುಡುಗರು. ಅವರ ಕೈಯಲ್ಲಿ ಎಷ್ಟೋ ಸಲ ಹಸಿ ಸೊಪ್ಪಿನ ಕೊಂಬೆ ಬಿಟ್ಟರೆ ಬೇರೇನೂ ಇರಲ್ಲ. ಮೂರು ಕಲ್ಲಿನ ಒಲೆ ಚೆಂದ ಅಂತ ನನ್ನ ಹತ್ತಿರ ಹೇಳಬೇಡಿ. ಫೆಬ್ರವರಿಯ ಬಿಸಿಲಲ್ಲಿ ಬೆಂಕಿ ರೇಖೆ ಸವರುತ್ತಿರುವ ಒಬ್ಬ ವಾಚರ್ ಹತ್ತಿರ ಹೋಗಿ ಹೇಳಿ. ಅವರು ಒಪ್ಪಿದರೆ ನಾನೂ ಒಪ್ತೀನಿ.