ರಿಸ್ಟೋರ್ ಅಂದ್ರೆ ವಾಪಸ್ ತರೋದು ಅಲ್ವಾ?

‘ಹೆಲ್ಪ್ ಓದಬೇಕಿತ್ತಮ್ಮ’ ಅಂತ ಬುದ್ಧಿ ಹೇಳುವವರಿಗೆ ನನ್ನ ಉತ್ತರ ಇಷ್ಟೇ: ಅವಳು ಓದಿದ್ದಳು ಕಣ್ರೀ. ಓದಿದ್ದಕ್ಕೇ ಕೆಟ್ಟಳು.

ಹುಣಸೂರಿನಲ್ಲಿ ಸಂಜೆ ಹೊತ್ತು ನಾಲ್ಕಾರು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಪಿರಿಯಾಪಟ್ಟಣ, ಕೆ.ಆರ್. ನಗರದಿಂದೆಲ್ಲ ಬಸ್ಸು ಹಿಡಿದು ಬರುತ್ತಾರೆ. ಎಚ್.ಡಿ. ಕೋಟೆ ಕಡೆಯವಳೊಬ್ಬಳು ಅಪ್ಪನ ಹೊಗೆಸೊಪ್ಪಿನ ಬ್ಯಾರನ್ನಿಗೆ ಎಷ್ಟು ಸೌದೆ ಉರಿಯಿತು, ಎಷ್ಟು ಬೇಲು ಆಯಿತು ಅಂತ ಲೆಕ್ಕ ಇಡುವ ಪ್ರೋಗ್ರಾಂ ಬರೆಯುತ್ತಿದ್ದಳು. ಬರೆದದ್ದರ ಹಳೇ ರೂಪಗಳನ್ನೆಲ್ಲ ಕಾಪಾಡಲಿ ಅಂತ ಗಿಟ್ ಹಾಕಿಕೊಟ್ಟಿದ್ದವನು ನಾನೇ.

ಮೂರು ದಿನ ಕಮಿಟ್ ಮಾಡದೆ ಬರೆದಿದ್ದಾಳೆ. ಮೂರನೇ ರಾತ್ರಿ ಕೈತಪ್ಪಿ ಹತ್ತು ಸಾಲು ಅಳಿಸಿ, ಸೇವ್ ಮಾಡಿ, ಎಡಿಟರನ್ನೂ ಮುಚ್ಚಿಬಿಟ್ಟಳು. ಗಾಬರಿಯಾಗಿ ‘ಗಿಟ್ ಹೆಲ್ಪ್’ ಕೇಳಿದರೆ ಪಟ್ಟಿಯಲ್ಲಿ ಕಂಡದ್ದು: ‘ರಿಸ್ಟೋರ್ – ರಿಸ್ಟೋರ್ ವರ್ಕಿಂಗ್ ಟ್ರೀ ಫೈಲ್ಸ್’. ದೇವರೇ ಬಂದಂತಾಯಿತು. ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿದಳು. ಹತ್ತು ಸಾಲು ಬರಲಿಲ್ಲ, ಮೂರು ದಿನದ ಕೆಲಸವೂ ಹೋಯಿತು. ‘ಸಾರ್, ರಿಸ್ಟೋರ್ ಅಂದ್ರೆ ವಾಪಸ್ ತರೋದು ಅಲ್ವಾ?’ ಅಂದಳು. ನನಗೆ ಬಾಯಿ ಬರಲಿಲ್ಲ.

ಸಿಟ್ಟು ಬರುವುದು ಇಲ್ಲಿ. ಇದೇ ಗಿಟ್, ‘ಸ್ಟೇಟಸ್’ ಕೇಳಿದರೆ ಇದೇ ಆಜ್ಞೆಯನ್ನು ತೋರಿಸಿ ‘ಟು ಡಿಸ್ಕಾರ್ಡ್ ಚೇಂಜಸ್’ ಅನ್ನುತ್ತದೆ, ಅಂದರೆ ಬದಲಾವಣೆ ಬಿಸಾಡಲು ಅಂತ. ಅಲ್ಲಿ ನಿಜ ಹೇಳುವ ನಾಲಿಗೆ ಹೆಲ್ಪಿನ ಪಟ್ಟಿಯಲ್ಲಿ ಯಾಕೆ ಹೊರಳುವುದಿಲ್ಲ? ‘ಚೆಕ್ಔಟ್’ ಒಂದೇ ಆಜ್ಞೆಗೆ ಎರಡೆರಡು ಕೆಲಸ ಅಂಟಿಕೊಂಡು ಗೊಂದಲವಾಗುತ್ತಿದೆ ಅಂತಲೇ 2019ರ 2.23ನೇ ಆವೃತ್ತಿಯಲ್ಲಿ ‘ಸ್ವಿಚ್’, ‘ರಿಸ್ಟೋರ್’ ಅಂತ ಬೇರೆ ಮಾಡಿದರು. ಒಳ್ಳೆಯದೇ. ಆದರೆ ಹೊಸ ಬಾಗಿಲಿಗೂ ಹಳೇ ಬೋರ್ಡು. ‘ಕ್ಲೀನ್’ ಆಜ್ಞೆಯಾದರೋ ‘ಮೈನಸ್ ಎಫ್’ ಅಂತ ಒತ್ತಾಯ ಮಾಡದೆ ಒಂದು ಫೈಲನ್ನೂ ಅಳಿಸುವುದಿಲ್ಲ. ಅಪಾಯ ಇವರಿಗೆ ಗೊತ್ತಿಲ್ಲ ಅಂತೇನಲ್ಲ.

ನಮ್ಮ ಕಡೆ ಹೊಗೆಸೊಪ್ಪಿಗೆ ಹೊಡೆಯುವ ಔಷಧಿ ಡಬ್ಬಿ ನೋಡಿ. ಕಡುವಿಷವಾದರೆ ಕೆಂಪು ತ್ರಿಕೋನ, ತಲೆಬುರುಡೆ. ಅಕ್ಷರ ಬಾರದ ಅಜ್ಜನಿಗೂ ತಿಳಿಯುತ್ತೆ. ಅದರ ಮೇಲೆ ‘ಬೆಳೆ ಸಂರಕ್ಷಕ’ ಅಂತಷ್ಟೇ ಬರೆದು ಬಿಟ್ಟಿದ್ದರೆ? ಬರೆದದ್ದು ಸುಳ್ಳಲ್ಲ ಬಿಡಿ.

ಬಲ್ಲವರೊಬ್ಬರು ತಕರಾರು ತೆಗೆದರು: ‘ಸ್ಟೇಜ್ಡ್’ ಅಂತ ಸೇರಿಸಿದರೆ ರಿಸ್ಟೋರ್ ನಿಮ್ಮ ಫೈಲನ್ನು ಮುಟ್ಟುವುದೇ ಇಲ್ಲ, ಆಡ್ ಮಾಡಿದ್ದನ್ನಷ್ಟೇ ಹಿಂದಕ್ಕೆ ತೆಗೆಯುತ್ತೆ, ಹಾಗಾಗಿ ‘ಬಿಸಾಡುತ್ತೆ’ ಅನ್ನೋದು ಪೂರ್ತಿ ಸರಿಯಲ್ಲ ಅಂತ. ಒಪ್ಪಿದೆ. ಹಾಗಾದರೆ ಎರಡು ಸಾಲು ಬರೀರಿ ಸ್ವಾಮಿ, ಪರದೆಗೇನು ಬಾಡಿಗೆ ಕೊಡಬೇಕೆ?

ಕನ್ನಡಕ್ಕೆ ತಂದರೆ ಸರಿಹೋಗುತ್ತೆ ಅನ್ನುವ ಉತ್ಸಾಹಿಗಳಿಗೂ ಒಂದು ಮಾತು. ನಾವು ‘ಮರುಸ್ಥಾಪಿಸು’ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಆ ಹುಡುಗಿ ಇನ್ನಷ್ಟು ಧೈರ್ಯವಾಗಿ ಎಂಟರ್ ಒತ್ತುತ್ತಾಳೆ.

ನನ್ನ ಮಕ್ಕಳ ನೋಟುಬುಕ್ಕಿನಲ್ಲಿ ಈಗ ಹೀಗೆ ಬರೆಸಿದ್ದೇನೆ: ‘ರಿಸ್ಟೋರ್: ಫೈಲನ್ನು ಕೊನೆಯ ಸಲ ಆಡ್ ಅಥವಾ ಕಮಿಟ್ ಮಾಡಿದ ರೂಪಕ್ಕೆ ತಳ್ಳುತ್ತದೆ. ಆಮೇಲೆ ನೀನು ಬರೆದದ್ದು ಹೋಗುತ್ತದೆ. ಗಿಟ್‌ನಿಂದ ಮತ್ತೆ ಸಿಗುವುದಿಲ್ಲ.’ ಗಿಟ್‌ನ ಮೂಲದಲ್ಲಿ ‘ಡಾಕ್ಯುಮೆಂಟೇಷನ್’ ಅಂತ ಒಂದು ಫೋಲ್ಡರಿದೆ, ಒಳಗೆ ಇರುವುದೆಲ್ಲ ಬರೀ ಪಠ್ಯ. ಕೋಡ್ ಬಾರದವರೂ ತಿದ್ದಬಹುದು. ಆ ಸಾಲಿಗೆ ಇಂಗ್ಲಿಷಿನಲ್ಲಿ ತಿದ್ದುಪಡಿ ಬರೆಯಲು ಅವಳನ್ನೇ ಕೂರಿಸಿದ್ದೇನೆ. ಈ ಸಲ ಪ್ರತಿ ಸಾಲಿಗೂ ಕಮಿಟ್ ಮಾಡುತ್ತಿದ್ದಾಳೆ.